ಪಂಪಾವತಿಯ ಉಡಿ ತುಂಬಿದವರು

ಹೋದ ವಾರ ನನ್ನನ್ನು ಮುತ್ತೈದೆ ಅಂತ ಬುಕ್ ಮಾಡಿಬಿಟ್ಟಿದ್ದರು. ಅದೂ ನನಗೇ ಹೇಳದೆ!

ನಗಬೇಡಿ. ಈ ಅಂಕಣವನ್ನು ಓದುತ್ತಾ ಬಂದವರಿಗೆ ಗೊತ್ತೇ ಇದೆ. ಐವತ್ತು ದಾಟಿದ ನಾನು ಇವತ್ತಿನವರೆಗೆ ಯಾರ ಕೊರಳಿಗೂ ಹಾರ ಹಾಕಿಲ್ಲ, ಯಾರಿಂದಲೂ ಹಾಕಿಸಿಕೊಂಡಿಲ್ಲ. (ಸಭೆ ಸಮಾರಂಭದ ಹಾರ ಲೆಕ್ಕಕ್ಕಿಲ್ಲ.) ಆದರೆ ಹಣೆಗೆ ಕಾಸಿನಗಲ ಕುಂಕುಮ ಇಡುತ್ತೇನೆ. ಕೈತುಂಬ ಹಸಿರು ಗಾಜಿನ ಬಳೆ ಹಾಕುತ್ತೇನೆ. ಯಾಕೆ ಅಂತ ಕೇಳಿದರೆ ನನ್ನ ಹತ್ತಿರ ದೊಡ್ಡ ಉತ್ತರವೇನೂ ಇಲ್ಲ. ಚೆಂದ ಕಾಣುತ್ತದೆ, ಅದಕ್ಕೆ. ಬಳೆಯ ಸದ್ದು ನನಗಿಷ್ಟ. ಹೊಸಪೇಟೆಯ ನಮ್ಮ ಮನೆಯಲ್ಲಿ ನನ್ನ ಬಿಟ್ಟರೆ ಸದ್ದು ಮಾಡುವವರು ಯಾರೂ ಇಲ್ಲ, ಬಳೆಗಳಾದರೂ ಎದುರು ಮಾತಾಡಲಿ ಅಂತ.

ಈ ಕುಂಕುಮ, ಈ ಬಳೆ ನೋಡಿಯೇ ಎಡವಟ್ಟಾಗಿದ್ದು. ಯಾವುದೋ ಶಾಲೆಯ ವಾರ್ಷಿಕೋತ್ಸವದಲ್ಲಿ ಅಂಗನವಾಡಿಗಳ ಸೂಪರ್‌ವೈಸರ್ ಒಬ್ಬರು ನನ್ನನ್ನು ದೂರದಿಂದ ನೋಡಿದ್ದರಂತೆ. ನೋಡಿದವರು ಮನಸ್ಸಿನಲ್ಲೇ ನನ್ನ ಮದುವೆ ಮಾಡಿ ಮುಗಿಸಿದ್ದರು. ಫೋನ್ ಬಂತು.

"ಮೇಡಂ, ಬರೋ ಶುಕ್ರವಾರ ಕಮಲಾಪುರದ ಅಂಗನವಾಡ್ಯಾಗ ಗರ್ಭಿಣಿಯರಿಗೆ ಸೀಮಂತ ಇಟ್ಟೀವ್ರಿ. ನೀವ ಮುಖ್ಯ ಅತಿಥಿ. ಒಲ್ಲೆ ಅನ್ನಬ್ಯಾಡ್ರಿ."

ಸೀಮಂತದ ಮುಖ್ಯ ಅತಿಥಿ ಹೊಟ್ಟೆಯೊಳಗಿರುತ್ತಾರಲ್ಲ ಅಂದೆ. ಅವರು ನಗಲಿಲ್ಲ. ಸರ್ಕಾರಿ ಕಾರ್ಯಕ್ರಮ, ಅವರಿಗೆ ಅವಸರ. ನಾನೂ ಒಪ್ಪಿಕೊಂಡೆ. ಹೆಚ್ಚೆಂದರೆ ನಾಲ್ಕು ಮಾತು, ಒಂದು ಶಾಲು, ಒಂದು ಲೋಟ ಪಾಯಸ. ಇಷ್ಟೇ ಅಲ್ಲವಾ ಅಂದುಕೊಂಡೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈಗ ಅಂಗನವಾಡಿಗಳಲ್ಲಿ ಊರ ಬಸುರಿಯರನ್ನೆಲ್ಲ ಒಟ್ಟಿಗೆ ಕೂರಿಸಿ ಸೀಮಂತ ಮಾಡುತ್ತಾರೆ. ನಮ್ಮ ಕಡೆ ಮನೆಯಲ್ಲಿ ಮಾಡಿದರೆ ಕುಬಸ ಅನ್ನುತ್ತಾರೆ. ಮನೆಯ ಕುಬಸಕ್ಕೆ ಯಾವ ಜಾತಿ, ಯಾವ ಬಳಗ ಅಂತೆಲ್ಲ ಇರುತ್ತದೆ. ಇಲ್ಲಿ ಅದಿಲ್ಲ. ಎಲ್ಲರಿಗೂ ಒಂದೇ ಥರದ ಪ್ಲಾಸ್ಟಿಕ್ ಕುರ್ಚಿ. ಎಲ್ಲರಿಗೂ ಹಸಿರು ಬಳೆ, ಎಲ್ಲರಿಗೂ ಉಡಿ. ಉಡಿ ಅಂದರೆ ಸೆರಗಿನ ಮಡಿಲು. ಅದರಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಬಾಳೆಹಣ್ಣು, ಕುಪ್ಪಸದ ಖಣ ತುಂಬಿ ಹರಸುವುದು. ಕೊನೆಗೆ ಕಬ್ಬಿಣಾಂಶದ ಗುಳಿಗೆಯ ಬಗ್ಗೆ ಒಂದು ಭಾಷಣ. ಸಂಪ್ರದಾಯ ಮತ್ತು ಆರೋಗ್ಯ ಇಲಾಖೆ ಹೀಗೆ ಜಗಳವಿಲ್ಲದೆ ಕೂತಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಶುಕ್ರವಾರ ಬೆಳಿಗ್ಗೆ ಆಟೊ ಹತ್ತಿದೆ. ಡ್ರೈವರ್ ಕೇಳಿದ, "ಹಂಪಿ ಏನ್ರೀ ಮೇಡಂ?"

"ಅಲ್ಲಪ್ಪ, ಕಮಲಾಪುರ."

"ಕಮಲಾಪುರದಾಗ ಏನೈತ್ರಿ ನೋಡಾಕ?"

"ಬಸುರಿಯರು" ಅಂದೆ. ಕಮಲಾಪುರ ಬರುವವರೆಗೆ ಅವನು ಇನ್ನೊಂದು ಮಾತಾಡಲಿಲ್ಲ.

ಬಾಳೆತೋಟದ ಕಡೆ ಹೋಗುವ ಓಣಿಯಲ್ಲಿ ಆ ಅಂಗನವಾಡಿ. ಒಂದು ಹಾಲ್, ಅದಕ್ಕೆ ಅಂಟಿಕೊಂಡು ಒಂದು ಅಡುಗೆಕೋಣೆ. ಗೋಡೆಯ ಮೇಲೆ ಅಳಿಲು, ಆನೆ, ಇಲಿ. ಮೂಲೆಯಲ್ಲಿ ಮಕ್ಕಳನ್ನು ತೂಗುವ ತಕ್ಕಡಿ. ಬಾಗಿಲಿಗೆ ಎರಡೂ ಕಡೆ ಆಳೆತ್ತರದ ಬಾಳೆಕಂಬ, ಗೊನೆ ಸಮೇತ. (ಕಮಲಾಪುರದವರು ಬಾಳೆಕಂಬಕ್ಕೆ ಬಡತನ ಮಾಡುವುದಿಲ್ಲ.) ಒಳಗೆ ಸಾಲಾಗಿ ಹಸಿರು ಸೀರೆಯ ಬಸುರಿಯರು. ಅವರ ಕಾಲ ಬುಡದಲ್ಲಿ ಚಾಪೆಯ ಮೇಲೆ ಅಂಗನವಾಡಿಯ ಮಕ್ಕಳು. ಹಾಲ್ ತುಂಬ ಓಣಿಯ ಹೆಂಗಸರು.

ಈ ಗದ್ದಲದ ನಡುವೆ ಒಂದು ದನಿ ಮಾತ್ರ ಎಲ್ಲ ಕಡೆಯಿಂದ ಕೇಳುತ್ತಿತ್ತು.

"ಲೇ ಬಸ್ಯಾ, ಬಾಳೆಹಣ್ಣಿಗೆ ಕೈ ಹಚ್ಚಬ್ಯಾಡ ಅಂದೀನಿಲ್ಲ? ಯವ್ವಾ, ಕಾಲು ಜೋತು ಬಿಟ್ಟು ಕುಂದ್ರಬ್ಯಾಡ, ಬಾವು ಬರ್ತಾವ, ಆ ಮಣಿ ಮ್ಯಾಲೆ ಇಡು. ಬರ್ರಿ ಮೇಡಂ, ಕುಂದ್ರಿ, ನೀರು ಕುಡೀರಿ!"

ಹುಲಿಗೆಮ್ಮ ಟೀಚರ್. ಅಂಗನವಾಡಿ ಕಾರ್ಯಕರ್ತೆ. ನಲವತ್ತೈದರ ಆಸುಪಾಸು. ಸಮವಸ್ತ್ರದ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಬಂದ ಹೆಂಗಸರಿಗೆ ನಮಸ್ಕಾರ ಮಾಡುವ ಬದಲು ಅವರ ಕಣ್ಣಿನ ಕೆಳರೆಪ್ಪೆ ಎಳೆದು ನೋಡುವುದು ಅವರ ಪದ್ಧತಿ. ರಕ್ತ ಕಮ್ಮಿ ಇದೆಯಾ ಅಂತ. ನನ್ನ ರೆಪ್ಪೆಯನ್ನೂ ಎಳೆದರು. "ಅಡ್ಡಿ ಇಲ್ಲ" ಅಂತ ಪಾಸ್ ಮಾಡಿದರು. ಎಸ್ಸೆಸ್ಸೆಲ್ಸಿ ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ!

ಕಾರ್ಯಕ್ರಮ ಶುರುವಾಗಲು ಇನ್ನೂ ಹೊತ್ತಿತ್ತು. ಸೂಪರ್‌ವೈಸರ್ ಮೇಡಂ ಫೋನನ್ನು ಎತ್ತಿ ಹಿಡಿದು ನೆಟ್‌ವರ್ಕ್ ಹುಡುಕುತ್ತಿದ್ದರು. ಫೋಟೊ ತೆಗೆದು ಆಗಿಂದಾಗಲೇ ಆ್ಯಪ್‌ಗೆ ಹಾಕದಿದ್ದರೆ ಸೀಮಂತ ಆದದ್ದೇ ಸುಳ್ಳಂತೆ. ನನ್ನ ಪಕ್ಕದ ಕುರ್ಚಿಯಲ್ಲಿದ್ದ ಬಸುರಿಗೆ ಬಳೆಗಾರ್ತಿ ಬಳೆ ಏರಿಸುತ್ತಿದ್ದಳು. ಹುಡುಗಿಯ ಹೆಸರು ಪಂಪಾವತಿ. ವಾಚಾಳಿ. ಬಳೆ ಏರುವಷ್ಟರಲ್ಲಿ ತನ್ನ ಕತೆ, ಟೀಚರ್ ಕತೆ ಎರಡನ್ನೂ ಹೇಳಿ ಮುಗಿಸಿದಳು.

ಹುಲಿಗೆಮ್ಮ ಟೀಚರ್ ಗಂಡ ಸಂಡೂರು ಕಡೆ ಅದಿರು ಲಾರಿ ಓಡಿಸುತ್ತಿದ್ದರು. ಘಾಟಿಯಲ್ಲಿ ಲಾರಿ ಉರುಳಿತು. ಆಗ ಹುಲಿಗೆಮ್ಮನಿಗೆ ಹುಡುಗು ವಯಸ್ಸು, ಕಂಕುಳಲ್ಲಿ ಹೆಣ್ಣುಮಗು. ಕಮಲಾಪುರದ ತವರಿಗೆ ಬಂದರು. ತವರಿನವರು ಕೂಳು ಹಾಕಿದರು, ಜೊತೆಗೆ ಮೂಲೆಯನ್ನೂ ತೋರಿಸಿದರು. ಆ ಮೂಲೆಯಲ್ಲಿ ಕೂರಲಾಗದೆ ಇದೇ ಅಂಗನವಾಡಿಗೆ ಅಡುಗೆ ಸಹಾಯಕಿಯಾಗಿ ಸೇರಿಕೊಂಡರು. ಒಂದು ಕೈಯಲ್ಲಿ ಉಪ್ಪಿಟ್ಟು ತಿರುವುತ್ತ ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಬಿಟ್ಟುಹೋಗಿದ್ದ ಓದು ಮುಗಿಸಿದರಂತೆ. ಉಪ್ಪಿಟ್ಟು ತಳ ಹಿಡಿದಾಗಲೆಲ್ಲ ಗಣಿತದ ಪಾಠ ನಡೆದಿದೆ ಅಂತ ಮಕ್ಕಳಿಗೂ ಗೊತ್ತಾಗುತ್ತಿತ್ತಂತೆ. ಆಮೇಲೆ ಕಾರ್ಯಕರ್ತೆಯಾದರು. ಮಗಳೀಗ ನರ್ಸ್.

"ಆ ತಳ ಹಿಡಿದ ಉಪ್ಪಿಟ್ಟು ತಿಂದಾಕಿ ನಾನ ನೋಡ್ರಿ" ಅಂದಳು ಪಂಪಾವತಿ. "ಏಳನೇತ್ತ ಆದಮ್ಯಾಲೆ ನಮ್ಮವ್ವ ಸಾಲಿ ಬಿಡಿಸಿ ಕಬ್ಬಿನ ಗದ್ದಿಗೆ ಕರ್ಕೊಂಡು ಹೊಂಟಿದ್ಲ್ರಿ. ಟೀಚರ್ ದಿನಾ ಸಂಜಿಕ ಮನಿಗೆ ಬರೋರು. ಜಗಳ ಇಲ್ಲ, ಬುದ್ಧಿ ಹೇಳೂದಿಲ್ಲ. ಸುಮ್ಮಕ ಕಟ್ಟಿ ಮ್ಯಾಲೆ ಕುಂದ್ರೋರು. ನಮ್ಮವ್ವಗ ಅವರಿಗೆ ಚಾ ಮಾಡಿ ಮಾಡಿ ಸಾಕಾತು. 'ಹೋಗ್ಲೇ ಯವ್ವಾ, ಸಾಲಿಗೇ ಹೋಗು, ಈಕಿ ಕಾಟ ತಪ್ಪಲಿ' ಅಂದ್ಲು."

ಹಾಗೆ ಚಹಾ ಖರ್ಚಿನ ದೆಸೆಯಿಂದ ಶಾಲೆಗೆ ವಾಪಸು ಹೋದ ಹುಡುಗಿ ಈಗ ಕಂಪ್ಲಿ ಕಡೆಯ ಪ್ರೈಮರಿ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಇದೇ ಊರಿಗೇ ಸೊಸೆಯಾಗಿದ್ದಾಳೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ದನಿ ಸಣ್ಣದು ಮಾಡಿದಳು.

"ಹೋದ ಸಲ ಐದನೇ ತಿಂಗಳದಾಗ ಹೋತ್ರಿ ಮೇಡಂ. ದವಾಖಾನ್ಯಾಗ ಒಂದು ಕಡೆ ನಮ್ಮತ್ತಿ, ಒಂದು ಕಡೆ ಟೀಚರ್. ಇಬ್ರೂ ಕೈ ಬಿಡಲಿಲ್ಲ. ಈ ಸಲ ನಂದೊಂದು ಆಶಾ ಐತ್ರಿ. ಮೊದಲ ಉಡಿ ಟೀಚರ್ ಕೈಲೆ ಹಾಕಿಸ್ಕೋಬೇಕು. ಯಾರ ಮುಂದೂ ಹೇಳಿಲ್ಲ."

"ಹೇಳಬೇಕಿತ್ತಲ್ಲವಾ?"

"ಹೇಳಿದ್ರ ಬ್ಯಾಡ ಅಂತಾರ್ರೀ" ಅಂದಳು. ಅಷ್ಟೇ. ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಗಂಡ ಸತ್ತವಳ ಕೈ ಉಡಿಗೆ ಬರುವುದಿಲ್ಲ ಅನ್ನುವುದನ್ನು ನಮಗೆ ಯಾರು ಯಾವಾಗ ಕಲಿಸಿದರೋ, ಎಲ್ಲರಿಗೂ ಬಾಯಿಪಾಠ ಬರುತ್ತದೆ. ಮಗ್ಗಿ ಮರೆತವರಿಗೂ.

ನೆಟ್‌ವರ್ಕ್ ಸಿಕ್ಕಿತು. ಕಾರ್ಯಕ್ರಮ ಶುರುವಾಯಿತು. ಮಕ್ಕಳು ಪ್ರಾರ್ಥನೆ ಹೇಳಿದರು. ಮೊದಲ ಸಾಲನ್ನೇ ಮತ್ತೆ ಮತ್ತೆ ಹೇಳಿ, ಕೊನೆಗೆ ಅದರಲ್ಲೇ ಮುಗಿಸಿದರು. ಆಮೇಲೆ ಸೂಪರ್‌ವೈಸರ್ ಮೇಡಂ ನನ್ನ ಕೈಗೆ ಅಕ್ಕಿಯ ತಟ್ಟೆ ಕೊಟ್ಟರು.

"ಬರ್ರಿ ಮೇಡಂ. ಮೊದಲ ಮುತ್ತೈದಿ ನೀವ. ಪಂಪಾವತಿಯಿಂದ ಸುರು ಮಾಡ್ರಿ, ನಾ ಫೋಟೊ ತೆಗೀತೀನಿ."

ಆಗ ನನಗೆ ತಿಳಿಯಿತು, ನಾನು ಬುಕ್ ಆಗಿದ್ದು ಯಾವ ಕೋಟಾದಲ್ಲಿ ಅಂತ.

"ಮೇಡಂ, ನನಗೆ ಮದುವೆನೇ ಆಗಿಲ್ಲವಲ್ಲ!" ಅಂದುಬಿಟ್ಟೆ.

ಎಲ್ಲರ ಕಣ್ಣು ಮೊದಲು ನನ್ನ ಹಣೆಗೆ, ಅಲ್ಲಿಂದ ಕೈಗೆ, ಅಲ್ಲಿಂದ ಸೂಪರ್‌ವೈಸರ್ ಮೇಡಂ ಕಡೆಗೆ ಹೋಯಿತು. ಪಾಪ, ಅವರು ಫೋನ್ ಎತ್ತಿ ಹಿಡಿದವರು ಹಿಡಿದೇ ಇದ್ದರು. ನೆಟ್‌ವರ್ಕ್ ಹೋದೀತೆಂಬ ಭಯ ಬೇರೆ. ಒಂದು ಕ್ಷಣ ಯೋಚಿಸಿ ನನ್ನ ಕಿವಿಯ ಹತ್ತಿರ ಬಂದು, ಇಡೀ ಹಾಲ್‌ಗೆ ಕೇಳುವ ಹಾಗೆ ಪಿಸುಗುಟ್ಟಿದರು.

"ಇರಲಿ ತುಂಬ್ರಿ ಮೇಡಂ. ಫೋಟೊದಾಗ ಅದೆಲ್ಲ ಗೊತ್ತಾಗಂಗಿಲ್ಲ."

ನಗುವಿನ ಬುಗ್ಗೆ ಒಡೆಯಿತು. ನಾನೂ ನಕ್ಕೆ. ಅಷ್ಟರಲ್ಲಿ ಪಂಪಾವತಿ ಬಿಚ್ಚಿ ಹಿಡಿದಿದ್ದ ಸೆರಗನ್ನು ಪಟಕ್ಕನೆ ಮುಚ್ಚಿಕೊಂಡಳು.

"ಹಂಗಾರ ಒಂದು ಮಾತು ಕೇಳ್ತೀನ್ರಿ" ಅಂದಳು. ಅತಿಥಿ ಶಿಕ್ಷಕಿಯ ದನಿ ಅದು, ಹಿಂದಿನ ಬೆಂಚಿಗೂ ಮುಟ್ಟುವಂಥದ್ದು. "ಈ ಮೇಡಂಗ ಮದುವಿ ಆಗಿಲ್ಲ, ಆದ್ರೂ ತುಂಬಬಹುದು. ಫೋಟೊದಾಗ ಗೊತ್ತಾಗಂಗಿಲ್ಲ. ಮತ್ತ ನಮ್ಮ ಟೀಚರ್ ಯಾಕ ತುಂಬಬಾರದು? ಫೋಟೊದಾಗ ಅವರದೇನು ಗೊತ್ತಾಗ್ತೈತಿ? ಮೊದಲ ಉಡಿ ಟೀಚರ್ ಹಾಕಲಿ. ಅವರು ಹಾಕೂಮಟ ನಾ ಸೆರಗು ಬಿಚ್ಚಂಗಿಲ್ಲ."

ನಗು ನಿಂತಿತು. ಅಲ್ಲಿಯವರೆಗೆ ಬಾಗಿಲ ಬಳಿ ಗೋಡೆಗೆ ಆತು ನಿಂತಿದ್ದ ಒಬ್ಬ ಹಿರಿಯ ಹೆಂಗಸು ಎರಡು ಹೆಜ್ಜೆ ಮುಂದೆ ಬಂದರು. ಪಂಪಾವತಿಯ ಅತ್ತೆ, ಹನುಮಕ್ಕ. ಬರಿ ಹಣೆ, ಬರಿ ಕೈ.

"ಪಂಪಿ, ಹಠ ಮಾಡಬ್ಯಾಡ. ಒಂದು ಸಲ ಕಳಕೊಂಡೀವಿ. ನನಗ ಇನ್ನೊಂದು ಸಲ ತಡಕೊಳ್ಳಾಕ ಆಗಂಗಿಲ್ಲ."

ಗದರುವ ದನಿಯಾಗಿದ್ದರೆ ನಾನೂ ಎದುರು ಮಾತಾಡುತ್ತಿದ್ದೆ. (ನನ್ನ ನಾಲಿಗೆ ನಿಮಗೆ ಗೊತ್ತಲ್ಲ.) ಆದರೆ ಅದು ಹೆದರಿಕೆ. ಹೆದರಿದವರ ಎದುರು ಭಾಷಣ ಬಿಗಿಯುವುದು ಹೇಗೆ?

ಟೀಚರ್ ಎಲ್ಲಿ ಅಂತ ನೋಡಿದರೆ ಅಡುಗೆಕೋಣೆ ಸೇರಿದ್ದರು. ನಾನೂ ಒಳಗೆ ಹೋದೆ. ಪಾಯಸ ತಿರುವುತ್ತಿದ್ದರು. ತಿರುವುವ ಅಗತ್ಯವೇ ಇರಲಿಲ್ಲ, ಒಲೆ ಆರಿಸಿ ಆಗಿತ್ತು.

"ಬನ್ನಿ ಟೀಚರ್. ಆ ಹುಡುಗಿಗೆ ನಿಮ್ಮ ಕೈಯೇ ಬೇಕಂತೆ."

"ಒಲ್ಲೆನ್ರಿ ಮೇಡಂ."

"ನೀವೂ ಇದನ್ನೆಲ್ಲ ನಂಬುತ್ತೀರಾ?"

ಸೌಟು ನಿಂತಿತು. "ನಾ ನಂಬಂಗಿಲ್ರಿ. ಆದ್ರ ಕೇಳ್ರಿಲ್ಲಿ. ನಾ ಇವತ್ತು ಉಡಿ ಹಾಕಿದೆ ಅನ್ನಿ. ನಾಳೆ ಕೂಸಿಗೆ ನೆಗಡಿ ಬಂದ್ರೂ ಅವರಿಗೆ ನನ್ನ ಕೈನ ನೆನಪಾಗ್ತೈತಿ. ಆಮ್ಯಾಲೆ ಕೂಸಿನ್ನ ತೂಕಕ್ಕ ಕಳಸಂಗಿಲ್ಲ. ಸೂಜಿಗೆ ಕಳಸಂಗಿಲ್ಲ. ಆಕಿ ನೋಡಿ ಇನ್ನೊಬ್ಬಾಕಿ ಕಳಸಂಗಿಲ್ಲ. ಈ ಓಣಿ ಬಾಗಿಲ ಒಂದೊಂದ ತಗಸಾಕ ನಾ ಎಷ್ಟು ಒದ್ದಾಡೀನಿ. ಒಂದು ಮುಷ್ಟಿ ಅಕ್ಕಿ ಸಲುವಾಗಿ ಮುಚ್ಚಿಸ್ಕೊಳ್ಳಲೇನ್ರಿ?"

ಇವರು ತಮ್ಮ ಮಾನದ ಲೆಕ್ಕ ಹಾಕುತ್ತಿರಲಿಲ್ಲ, ಹುಟ್ಟದ ಕೂಸಿನ ಲಸಿಕೆಯ ಲೆಕ್ಕ ಹಾಕುತ್ತಿದ್ದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗದ್ದರಿಂದ ಇನ್ನಷ್ಟು ಬಂತು.

ಹೊರಗೆ ಅತ್ತೆ ಸೊಸೆಯ ಮಾತು ನಡೆದೇ ಇತ್ತು. ಪಂಪಾವತಿ ಜಗ್ಗುತ್ತಿಲ್ಲ. ಹನುಮಕ್ಕನ ದನಿ ಒಡೆದು ಒಳಗೂ ಕೇಳಿಸಿತು.

"ನಾನ ಮುಟ್ಟಿಲ್ಲ ಅಂದ್ರ, ಆಕಿ ಹೆಂಗ ಮುಟ್ತಾಳ ಪಂಪಿ? ಹಡದ ಮಗನ ಮದುವ್ಯಾಗ ಒಂದ ಅಕ್ಕಿಕಾಳು ಹಾಕಲಿಲ್ಲ ನಾನು."

ಹುಲಿಗೆಮ್ಮ ಟೀಚರ್ ತಲೆ ಎತ್ತಿದರು. ಸೌಟು ಹಿಡಿದುಕೊಂಡೇ ಹೊರಗೆ ಹೋದರು. ನಾನು ಹಿಂದೆ.

"ಏನಂದಿ ಹನುಮಕ್ಕ? ಮಗನ ಮದುವ್ಯಾಗ ಅಕ್ಕಿಕಾಳು ಹಾಕಲಿಲ್ಲ?"

"ಹೆಂಗ ಹಾಕ್ಲೆವ್ವಾ? ಛತ್ರದ ಅಡಗಿಮನ್ಯಾಗ ಕುಂತಿದ್ದೆ. ವಾದ್ಯ ಜೋರಾತು. ಓಹೋ, ತಾಳಿ ಬಿತ್ತು ಅಂತ ತಿಳಕೊಂಡೆ."

ಆ ಮಾತು ಕೇಳಿ ನನಗೆ ಅಳು ಬಂತು. ಮುಚ್ಚಿಡುವುದೇನು, ಹೆತ್ತ ಮಗನ ಮದುವೆಯನ್ನು ವಾದ್ಯದ ಸದ್ದಿನಲ್ಲಿ ಅಂದಾಜು ಮಾಡಿದ ತಾಯಿ ಕಣ್ಣೆದುರು ನಿಂತಿದ್ದರೆ ಅಳು ಬಾರದೆ ಇನ್ನೇನು ಬರುತ್ತದೆ? ಪಂಪಾವತಿಯೂ ಬಾಯಿ ತೆರೆದುಕೊಂಡು ಅತ್ತೆಯನ್ನು ನೋಡುತ್ತಿದ್ದಳು. ತನ್ನ ಮದುವೆಯ ಈ ಸುದ್ದಿ ಅವಳಿಗೂ ಗೊತ್ತಿರಲಿಲ್ಲ.

ಹುಲಿಗೆಮ್ಮ ಟೀಚರ್ ಮಾತ್ರ ಅಳಲಿಲ್ಲ. ಸೌಟನ್ನು ಸಹಾಯಕಿಯ ಕೈಗೆ ಕೊಟ್ಟು ಸೆರಗನ್ನು ಇನ್ನೊಮ್ಮೆ ಬಿಗಿದು ಸಿಕ್ಕಿಸಿದರು. ತಮ್ಮ ಸಲುವಾಗಿ ಮಾತಾಡು ಅಂದರೆ ಒಲೆ ಆರಿಸಿದ ಪಾಯಸ ತಿರುವುತ್ತಿದ್ದ ಹೆಂಗಸು, ಇನ್ನೊಬ್ಬಳ ಸಲುವಾಗಿ ಅಂದ ಕೂಡಲೇ ಪಕ್ಕಾ ಅಂಗನವಾಡಿ ಟೀಚರ್ ಆಗಿಬಿಟ್ಟರು. ಪ್ರಶ್ನೆ ಕೇಳತೊಡಗಿದರು.

"ಹೋದ ಸಲ ದವಾಖಾನ್ಯಾಗ ಪಂಪಿ ಕಾಲು ಒತ್ತಿದಾಕಿ ಯಾರು?"

"ನಾನ."

"ಈ ಸಲ ದಿನಾ ಗುಳಿಗಿ ನುಂಗೂಮಟ ಮುಂದ ನಿಂತಾಕಿ ಯಾರು?"

"ನಾನ. ನೀನ ಹೇಳಿದ್ದಿ."

"ಮೊಟ್ಟಿ ಒಲ್ಲೆ ಅಂದಾಗ ಬೈದು ತಿನ್ನಿಸಿದಾಕಿ?"

"ನಾನವ್ವಾ."

"ಅವಾಗೆಲ್ಲ ಈ ಕೈ ಚೊಲೊ ಇತ್ತು. ಅಕ್ಕಿ ಹಾಕೂಮುಂದ ಕೆಟ್ಟತೇನು? ಬಾ ಇಲ್ಲಿ. ಮೊದಲ ಉಡಿ ನೀ ಹಾಕು."

ಹನುಮಕ್ಕ ತಮ್ಮ ಎರಡೂ ಅಂಗೈ ತಿರುವಿ ನೋಡಿಕೊಂಡರು. ಆಮೇಲೆ ಟೀಚರ್ ಮುಖ ನೋಡಿದರು.

"ಏನರ ಆದ್ರ ಮಂದಿ ನನ್ನ ಬೈತಾರವ್ವಾ."

"ನನಗೂ ಅದ ಹೆದರಿಕಿ ಹನುಮಕ್ಕ" ಅಂದರು ಟೀಚರ್. ಅಷ್ಟು ಜನರ ಎದುರು, ಅಷ್ಟು ಸಲೀಸಾಗಿ.

ಅವರಿಬ್ಬರ ನಡುವೆ ಬೇರೆ ಯಾರಿಗೂ ಕೆಲಸವಿರಲಿಲ್ಲ. ಹನುಮಕ್ಕನೇ ಟೀಚರ್ ರಟ್ಟೆ ಹಿಡಿದರು.

"ಹಂಗಾರ ಬಾ. ಇಬ್ರೂ ಕೂಡೇ ಹಾಕೂಣು. ಬೈದ್ರ ಇಬ್ರೂ ಕೂಡೇ ಬೈಸಿಕೊಳ್ಳೂಣು."

ನಾನು ತಟ್ಟೆ ಹಿಡಿದೆ. (ಮುಖ್ಯ ಅತಿಥಿಯಾಗಿ ನಾನು ಮಾಡಿದ ಏಕೈಕ ಉಪಯುಕ್ತ ಕೆಲಸ ಇದು.) ಇಬ್ಬರೂ ಎದುರುಬದುರು ನಿಂತು ಅಕ್ಕಿಗೆ ಕೈ ಹಾಕಿದರು. ಹನುಮಕ್ಕನ ಮುಷ್ಟಿಯಿಂದ ಅರ್ಧ ಅಕ್ಕಿ ಚಾಪೆಗೆ ಚೆಲ್ಲಿತು. ಟೀಚರ್ ತಮ್ಮ ಕೈಯನ್ನು ಅವರ ಕೈಯ ಕೆಳಗೆ ಕೊಟ್ಟರು. ಪಂಪಾವತಿ ಸೆರಗು ಬಿಚ್ಚಿ ಹಿಡಿದಳು. ಕಣ್ಣಲ್ಲಿ ಧಾರಾಕಾರ ನೀರು, ಬಾಯಿ ಮಾತ್ರ ಎಂದಿನಂತೆ.

"ಜಲ್ದಿ ಹಾಕ್ರಿ ಅತ್ತಿ, ಒಳಗಿಂದು ಒದಿಯಾಕ ಹತ್ತೈತಿ!"

ಅಕ್ಕಿ ಬಿತ್ತು. ಕೊಬ್ಬರಿ ಬಿತ್ತು. ಉತ್ತತ್ತಿ ಬಿತ್ತು. ಮಕ್ಕಳಿಗೆ ಏನನಿಸಿತೋ, ಜೋರಾಗಿ ಚಪ್ಪಾಳೆ ತಟ್ಟಿದವು. ಆಮೇಲೆ ದೊಡ್ಡವರೂ ತಟ್ಟಿದರು. ಮಕ್ಕಳೇ ಮೊದಲು ತಟ್ಟಿದ್ದು ಅನ್ನುವುದನ್ನು ನಾನು ಬೇಕೆಂದೇ ಬರೆಯುತ್ತಿದ್ದೇನೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಅಷ್ಟರಲ್ಲಿ ಹಿಂದಿನ ಗೋಡೆಯ ಹತ್ತಿರ ಗುಸುಗುಸು ಶುರುವಾಯಿತು. ಹೂವಿನ ಬುಟ್ಟಿ ಕೆಳಗಿಟ್ಟು ಒಬ್ಬ ಮುದುಕಿ ಎದ್ದು ಬಂದರು. "ನಾನೂ ಒಂದೀಟು ಹಾಕ್ಲೇನವ್ವಾ?" ಅಂದರು. ಅವರ ಹಿಂದೆ ಬಾಳೆಗೊನೆ ಹೊರುವ ಹೆಂಗಸೊಬ್ಬಳು. ಗಂಡ ಇದ್ದಾನೋ ಇಲ್ಲವೋ ಅವಳಿಗೇ ಗೊತ್ತಿಲ್ಲವಂತೆ, ಬಿಟ್ಟುಹೋದವನು ವಿಳಾಸ ಕೊಟ್ಟಿಲ್ಲ. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಮತ್ತೊಬ್ಬಳು. ಗೋಡೆಗೆ ಆತು ನಿಂತವರು ಇಷ್ಟು ಜನ ಇದ್ದರಾ? ಬಂದಾಗ ನಾನು ಯಾರನ್ನೂ ನೋಡಿಯೇ ಇರಲಿಲ್ಲ. ಗೋಡೆಯ ಅಳಿಲು, ಆನೆ ನೋಡಿದ್ದೆ.

ನಾನೂ ತಟ್ಟೆಯನ್ನು ಬೇರೆಯವರ ಕೈಗೆ ಕೊಟ್ಟು ಆ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಟೀಚರ್ ನನ್ನ ಬಳೆಗಳ ಕಡೆ ನೋಡಿ, "ಇವು ಬರೀ ಶೋಕಿಗೇನ್ರಿ?" ಅಂದರು. ಹೌದು ಅಂದೆ. "ಭಾಳ ಚೊಲೊ ಆತು. ನಾನೂ ನಾಳೆಯಿಂದ ಹಾಕ್ತೀನಿ. ಮಕ್ಕಳಿಗೆ ಸಪ್ಪಳ ಅಂದ್ರ ಖುಷಿ" ಅಂದರು. ಕಾರಣಕ್ಕೆ ಮಕ್ಕಳನ್ನೇ ಮುಂದೆ ಮಾಡಿದರು ನೋಡಿ. ಇರಲಿ, ಬಳೆ ಬಂದರೆ ಸಾಕು.

ಮುತ್ತೈದೆಯರೇನು ಸುಮ್ಮನೆ ಕೂತರಾ? ಒಬ್ಬಾಕೆ ಮಾತ್ರ ತನ್ನ ತಟ್ಟೆ ಎತ್ತಿಕೊಂಡು ಮುಖ ಗಂಟು ಹಾಕಿಕೊಂಡು ಹೊರಟುಹೋದಳು. ಹೋಗಲಿ. ಉಳಿದವರು, "ನಮಗೂ ಜಾಗ ಬಿಡ್ರವ್ವಾ, ನಾವೇನು ಪಾಪ ಮಾಡೀವಿ?" ಅಂತ ಸಾಲಿಗೆ ನುಗ್ಗಿದರು. ಸಾಲಾಗಿ ಕೂತಿದ್ದ ಬೇರೆ ಬಸುರಿಯರು, "ನಮಗೂ ಮೊದಲ ಟೀಚರ್ ಹಾಕ್ಲಿ" ಅಂತ ಕೂಗು ಹಾಕಿದರು. ಹಾಲ್ ಎಂಬುದು ಸಂತೆಯಾಯಿತು.

ಅಕ್ಕಿ ಖಾಲಿ! ಯಾರೋ ಅಡುಗೆಕೋಣೆಯ ಡಬ್ಬಿಗೆ ಕೈ ಹಾಕಿದರು. ಟೀಚರ್ ಚೀರಿದರು. "ಏಯ್, ಅದು ಮಕ್ಕಳ ಅಕ್ಕಿ! ಮುಟ್ಟಿದ್ರ ನೋಡ್ರಿ!"

ಕಮಲಾಪುರದಲ್ಲಿ ಅಕ್ಕಿ ಮುಗಿಯಬಹುದು, ಬಾಳೆಹಣ್ಣು ಮುಗಿಯುತ್ತದಾ? ಬಾಗಿಲ ಕಂಬದ ಗೊನೆಯನ್ನೇ ಕೊಯ್ದು ತಂದರು. ಹಣ್ಣಾದದ್ದು, ದೋರೆಗಾಯಿ, ಎಲ್ಲ ಉಡಿಗೆ. ಕೊನೆಗೆ ಪಂಪಾವತಿ ಏಳಲು ಹೋದರೆ ಏಳಲಾಗಲಿಲ್ಲ. ಹೊಟ್ಟೆಯ ಭಾರಕ್ಕಿಂತ ಉಡಿಯ ಭಾರ ಹೆಚ್ಚಾಗಿತ್ತು. ಅತ್ತೆ ಒಂದು ಕಡೆ, ಟೀಚರ್ ಒಂದು ಕಡೆ ಹಿಡಿದು ಎಬ್ಬಿಸಿದರು. ಸೂಪರ್‌ವೈಸರ್ ಮೇಡಂ ಅದೇ ಹೊತ್ತಿಗೆ ಫೋಟೊ ಹೊಡೆದರು. ಅಪ್‌ಲೋಡ್ ಆಯಿತು. ಉಡಿ ತುಂಬಿದವರ ಗಂಡ ಇದ್ದಾನೋ ಇಲ್ಲವೋ ಅಂತ ಆ್ಯಪ್ ಏನೂ ಕೇಳಲಿಲ್ಲವಂತೆ. ಮೆಷಿನ್‌ಗಿರುವ ಬುದ್ಧಿ!

ವಾಪಸು ಬರುವಾಗ ಬಸ್ಸಿನಲ್ಲಿ ಕೂತು ಯೋಚಿಸಿದೆ. ಆ ಓಣಿಯ ಅಷ್ಟೂ ಮಕ್ಕಳಿಗೆ ಮೊದಲ ಅಕ್ಷರ ಹೇಳಿಕೊಟ್ಟವರು ಹುಲಿಗೆಮ್ಮ ಟೀಚರ್. ಮೊದಲ ತುತ್ತು ಹಿಡಿಯುವುದನ್ನು ಕಲಿಸಿದವರೂ ಅವರೇ. ಬಸುರಿಯ ಹೊಟ್ಟೆಯಲ್ಲಿ ಮಗು ಮಿಸುಕಿತೋ ಇಲ್ಲವೋ ಅಂತ ಗಂಡನಿಗಿಂತ ಮೊದಲು ಕೇಳುವವರೂ ಅವರೇ. ಇಷ್ಟಕ್ಕೆಲ್ಲ ಅವರ ಕೈ ಆಗುತ್ತದೆ. ಅಕ್ಷರಕ್ಕೆ ಆದ ಕೈ ಅಕ್ಕಿಗೆ ಯಾಕೆ ಆಗುವುದಿಲ್ಲ? ಕೆಲಸವೊಂದು ಸಿಕ್ಕಿದರೆ ಹೆಣ್ಣುಮಕ್ಕಳು ಕಷ್ಟದಿಂದ ಮೇಲೆ ಬರುತ್ತಾರೆ ಅಂತ ನಾವೆಲ್ಲ ಬಾಯಿತುಂಬ ಹೇಳುತ್ತೇವೆ. ಬರುತ್ತಾರೆ, ನಿಜ. ಹುಲಿಗೆಮ್ಮ ಬಂದರು, ಮಗಳನ್ನು ತಂದರು, ಪಂಪಾವತಿಯನ್ನೂ ಎಳೆದು ತಂದರು. ಮೇಲೆ ಬಂದವರನ್ನು ಸಮಾರಂಭದ ದಿನ ಮಾತ್ರ ಅಡುಗೆಕೋಣೆಗೆ ಕಳಿಸುವವರು ನಾವು. ಅಲ್ಲವಾ?

ಹಾಗಂತ ನನಗೆ ಬೇಜಾರೇನೂ ಆಗಿರಲಿಲ್ಲ. ಬಸ್ಸಿಡೀ ನನ್ನನ್ನೇ ನೋಡುವಷ್ಟು ನಗು ಬರುತ್ತಿತ್ತು. ಮಡಿಲಲ್ಲಿ ಅವರು ಕಟ್ಟಿಕೊಟ್ಟ ಬಾಳೆಹಣ್ಣಿನ ಚಿಪ್ಪು, ಕಣ್ಣ ಮುಂದೆ ಆ ಇಬ್ಬರ ನಾಲ್ಕು ಕೈ. ಬಹಳ ದಿನಗಳ ಮೇಲೆ ಇಷ್ಟು ಸಂತೋಷವಾಗಿತ್ತು.

ಬಂದವಳು ಪಕ್ಕದ ಮನೆಯವರಿಗೆ ಎಲ್ಲವನ್ನೂ ಹೇಳಿದೆ. ಓದಿದವರು, ತಿಳಿದವರು, ನನ್ನ ಅಂಕಣವನ್ನು ತಪ್ಪದೆ ಓದುವವರು. ಅವರೂ ಕಣ್ಣೊರೆಸಿಕೊಂಡು ಕೇಳಿದರು. ಆಮೇಲೆ ನಿಧಾನಕ್ಕೆ ಹೇಳಿದರು, "ಭಾಳ ಚೊಲೊ ಆತ್ರಿ. ಆದ್ರ ಈಗ ಬರೀಬ್ಯಾಡ್ರಿ. ಹೆರಿಗಿ ಸುಸೂತ್ರ ಆಗ್ಲಿ, ಆಮ್ಯಾಲೆ ಬರೀರಿ."

ಕೇಳಿದಿರಾ? ಅಂದರೆ ಅಕ್ಕಿ ಹಾಕಿದ ಕೈಗಳು ಪರೀಕ್ಷೆ ಬರೆದಿವೆ, ರಿಸಲ್ಟ್ ಇನ್ನೂ ಬಂದಿಲ್ಲ! ಮುತ್ತೈದೆಯರು ಉಡಿ ತುಂಬಿದ ಅದೆಷ್ಟು ಬಸಿರು ನಿಂತಿಲ್ಲ. ಆಗೆಲ್ಲ ನಾವು ಯಾರ ಕೈಯನ್ನು ತಿರುವಿ ನೋಡಿದ್ದೆವು? ಪಂಪಾವತಿಗೆ ಹೋದ ಸಲ ಆದ ನೋವಿಗೆ ಯಾವ ಕೈ ಕಾರಣ ಅಂತ ಕೇಳಿದ್ದೆವು?

ಅದಕ್ಕೇ ಈ ವಾರವೇ ಬರೆದಿದ್ದೇನೆ. ಮಗು ಇನ್ನೂ ಹುಟ್ಟಿಲ್ಲ. ಹುಟ್ಟುತ್ತದೆ, ಎಲ್ಲ ಮಕ್ಕಳ ಹಾಗೆ ಅಳುತ್ತದೆ, ಸೀನುತ್ತದೆ, ತಕ್ಕಡಿಯಲ್ಲಿ ಕೂತು ಉಚ್ಚೆ ಹೊಯ್ಯುತ್ತದೆ. ಒಂದು ದಿನ ಅದಕ್ಕೂ ನೆಗಡಿ ಬಂದೇ ಬರುತ್ತದೆ. ಬೈಸಿಕೊಳ್ಳಲು ಹನುಮಕ್ಕ, ಹುಲಿಗೆಮ್ಮ ಟೀಚರ್, ಹೂವಿನ ಮುದುಕಿ, ನಾನು, ಇಷ್ಟು ಜನ ಒಟ್ಟಿಗೆ ನಿಂತಿದ್ದೇವೆ. ಬೈಯುವವರು ನೀವೆಷ್ಟು ಜನ ಬರುತ್ತೀರಿ?